ಪಿಕಪ್ ಬ್ರೇಕ್ ಕಲ್ಲಾದರೆ: ಬೂಸ್ಟರ್ ಕೊಳ್ಳುವ ಮುಂಚೆ ಪೈಪ್ ನೋಡಿ

ಟೊಮೇಟೊ ಸೀಸನ್‌ನಲ್ಲಿ ಕೋಲಾರದ ಎಪಿಎಂಸಿ ಗೇಟ್ ಹತ್ತಿರ ಪಿಕಪ್‌ಗಳು ಒಂದರ ಬೆನ್ನಿಗೆ ಒಂದು ನಿಂತಿರುತ್ತವೆ. ಎರಡು ಗಾಡಿಗಳ ಮಧ್ಯೆ ಒಂದು ಕ್ರೇಟ್ ಇಡುವಷ್ಟೂ ಜಾಗ ಇರುವುದಿಲ್ಲ. ಅಂಥ ಸಾಲಿನಲ್ಲಿ ಒಂದು ಬೆಳಿಗ್ಗೆ ನನ್ನ ಗಾಡಿಯ ಬ್ರೇಕ್ ಕಲ್ಲಾಯಿತು. ತುಳಿದರೆ ಪೆಡಲ್ ಇಳಿಯಲೇ ಇಲ್ಲ, ಗೋಡೆ ಒದ್ದ ಹಾಗೆ. ಸ್ಟೀರಿಂಗ್ ಹಿಡಿದು, ಸೀಟಿನಿಂದ ಅರ್ಧ ಎದ್ದು ತುಳಿದ ಮೇಲೆ ಗಾಡಿ ನಿಂತಿತು. ಮುಂದಿನ ಗಾಡಿಗೆ ಒಂದು ಗೇಣು ಬಾಕಿ ಇತ್ತು.

ಅವತ್ತು ಹೋದ ಗ್ಯಾರೇಜಿನಲ್ಲಿ ಬಾನೆಟ್ ಎತ್ತುವ ಮುಂಚೆಯೇ "ಬೂಸ್ಟರ್ ಹೋಗಿದೆ ಅಣ್ಣ" ಅಂದರು. ಬೂಸ್ಟರ್ ಅಂದರೆ ಗಾಳಿಯ ಎಳೆತದಿಂದ ಬ್ರೇಕ್ ತುಳಿಯುವ ಕಾಲಿಗೆ ಬಲ ಸೇರಿಸುವ ಡಬ್ಬ. ಹೊಸದು ಹಾಕಿದರು. ಮೂರು ದಿನದ ಬಾಡಿಗೆ ದುಡ್ಡು ಅಲ್ಲಿಗೇ ಹೋಯಿತು. ನಾಲ್ಕನೇ ದಿನ ಪೆಡಲ್ ಮತ್ತೆ ಕಲ್ಲು! ಕೊನೆಗೆ ಸಿಕ್ಕಿದ್ದು ಬೂಸ್ಟರ್‌ಗೆ ಬರುವ ರಬ್ಬರ್ ಪೈಪಿನ ಕೆಳಮೈಯಲ್ಲಿ ಒಂದು ಸೀಳು. ಕ್ಲಾಂಪಿಗೆ ಉಜ್ಜಿ ಉಜ್ಜಿ ಆಗಿದ್ದು, ಕಿರುಬೆರಳ ಉಗುರಿನಷ್ಟು ಉದ್ದ. ಎಂಜಿನ್ ತಣ್ಣಗಿದ್ದಾಗ ಬಾಯಿ ಮುಚ್ಚಿಕೊಂಡಿರುತ್ತಿತ್ತು, ಬಿಸಿಯಾದ ಮೇಲೆ ತೆರೆಯುತ್ತಿತ್ತು. ಮೇಲಿಂದ ನೋಡಿದರೆ ಪೈಪು ಹೊಸದರ ಹಾಗೇ ಇತ್ತು.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಪೆಡಲ್ ಗಟ್ಟಿಯಾದರೆ ಬಹಳ ಸಲ ವಿಷಯ ಗಾಳಿಯದು, ಆಯಿಲ್‌ನದ್ದಲ್ಲ. ಹುಡುಕುವ ಕೆಲಸ ಅಗ್ಗದ ಕಡೆಯಿಂದ ಶುರುವಾಗಬೇಕು.

ಗಟ್ಟಿಯೋ, ಮೆತ್ತಗೋ?

ಮೊದಲು ಇದನ್ನು ಬೇರೆ ಮಾಡಿಕೊಳ್ಳಿ. ಪೆಡಲ್ ಮೆತ್ತಗಾಗಿ ಕೆಳಗಿನವರೆಗೂ ಹೋಗುತ್ತಿದ್ದರೆ ಆಯಿಲ್ ಸೋರಿದೆ, ಲೈನಿನಲ್ಲಿ ಗಾಳಿ ಸೇರಿದೆ, ಅಥವಾ ಆಯಿಲನ್ನು ಚಕ್ರಗಳ ಕಡೆಗೆ ತಳ್ಳುವ ಮಾಸ್ಟರ್ ಸಿಲಿಂಡರಿನ ವಾಷರ್ ಹೋಗಿದೆ. ಅದು ಬೇರೆ ಕಾಯಿಲೆ, ಈ ಲೇಖನ ಅದಕ್ಕಲ್ಲ. ಪೆಡಲ್ ಮೇಲೇ ನಿಂತು, ಜಾಸ್ತಿ ಬಲ ಹಾಕಿದರೂ ಗಾಡಿ ನಿಧಾನಕ್ಕೆ ನಿಲ್ಲುತ್ತಿದ್ದರೆ ಮುಂದೆ ಓದಿ. ಗಾಳಿ ಬ್ರೇಕ್ ಇರುವ ದೊಡ್ಡ ಲಾರಿಗಳಿಗೆ ಇದು ಅನ್ವಯಿಸುವುದಿಲ್ಲ.

ರಸ್ತೆಯಲ್ಲೇ ಹೀಗಾದರೆ ಏನು ಮಾಡಬೇಕು ಅನ್ನೋದು ಇದಕ್ಕೇ ಅಂಟಿಕೊಂಡಿದೆ. ಮೆತ್ತಗಿನ ಪೆಡಲ್ ಆದರೆ ಪಂಪ್ ಮಾಡಬೇಕು, ಎರಡು ಮೂರು ಸಲ ತುಳಿದರೆ ಏನಾದರೂ ಸಿಗುತ್ತದೆ. ಗಟ್ಟಿ ಪೆಡಲನ್ನು ಪಂಪ್ ಮಾಡಬಾರದು. ಪ್ರತಿ ಸಲ ಕಾಲು ಎತ್ತಿದಾಗಲೂ ಬೂಸ್ಟರ್‌ನಲ್ಲಿ ಉಳಿದಿರುವ ಚೂರುಪಾರು ಸಹಾಯವೂ ಖಾಲಿಯಾಗುತ್ತದೆ. ಒಂದೇ ಸಲ, ಬೇಕಿದ್ದರೆ ಎರಡೂ ಕಾಲು ಇಟ್ಟು, ಒತ್ತಿ ಹಿಡಿಯಿರಿ. ಗೇರ್ ಒಂದೊಂದೇ ಇಳಿಸಿ. ಹ್ಯಾಂಡ್ ಬ್ರೇಕನ್ನು ಒಮ್ಮೆಗೇ ಕಿತ್ತು ಎಳೆಯಬೇಡಿ, ನಿಧಾನವಾಗಿ ಎಳೆಯಿರಿ. ಎಂಜಿನ್ ಮಾತ್ರ ಆಫ್ ಮಾಡಬೇಡಿ. ಆಮೇಲೆ ಲೋಡ್ ಇಟ್ಟುಕೊಂಡು ಊರು ಸೇರುವ ಸಾಹಸ ಬೇಡ. ಲೋಡ್ ಬೇರೆ ಗಾಡಿಗೆ ಹಾಕಿ.

ಬೂಸ್ಟರ್ ಮಾಡುವ ಕೆಲಸ

ಬಾನೆಟ್ ಎತ್ತಿದರೆ ಡ್ರೈವರ್ ಕಡೆ, ಎಂಜಿನ್ ಮತ್ತು ಕ್ಯಾಬಿನ್ ಮಧ್ಯದ ಗೋಡೆಗೆ ಅಂಟಿಕೊಂಡಿರುವ ದುಂಡಗಿನ ಕಪ್ಪು ಡಬ್ಬವೇ ಬೂಸ್ಟರ್. ಅದರ ಮುಂದೆ ಮಾಸ್ಟರ್ ಸಿಲಿಂಡರ್, ಮೇಲೆ ಆಯಿಲ್ ಡಬ್ಬಿ. ಬೂಸ್ಟರ್ ಒಳಗೆ ಒಂದು ರಬ್ಬರ್ ಪರದೆ ಇದೆ. ಎಂಜಿನ್ ಓಡುವಾಗ ಪರದೆಯ ಎರಡೂ ಕಡೆಯ ಗಾಳಿಯನ್ನು ಹೀರಿ ತೆಗೆದಿರುತ್ತದೆ. ನೀವು ಪೆಡಲ್ ಒತ್ತಿದ ಕೂಡಲೇ ಕಾಲಿನ ಕಡೆಗೆ ಹೊರಗಿನ ಗಾಳಿ ನುಗ್ಗುತ್ತದೆ. ಒಂದು ಕಡೆ ಗಾಳಿ, ಇನ್ನೊಂದು ಕಡೆ ಖಾಲಿ. ಪರದೆ ಮುಂದಕ್ಕೆ ತಳ್ಳಲ್ಪಟ್ಟು ನಿಮ್ಮ ಕಾಲಿಗೆ ಬಲ ಸೇರಿಸುತ್ತದೆ.

ಎಷ್ಟು ಬಲ? ಪರದೆ 9 ಇಂಚು ಅಗಲ ಇದೆ ಅಂದುಕೊಳ್ಳಿ. ಅದರ ಮೈ ಸುಮಾರು 410 ಚದರ ಸೆಂಟಿಮೀಟರ್. 20 ಇಂಚು ವ್ಯಾಕ್ಯೂಮ್ (ಗಾಳಿ ಹೀರಿದ ಎಳೆತ, ಗೇಜಿನಲ್ಲಿ ಪಾದರಸದ ಇಂಚಿನ ಲೆಕ್ಕ) ಇದ್ದರೆ ಪ್ರತಿ ಚದರ ಸೆಂಟಿಮೀಟರ್ ಮೇಲೆ 0.7 ಕೆಜಿ ಹತ್ತಿರ ಒತ್ತಡ. ಗುಣಿಸಿದರೆ 280 ಕೆಜಿ ದಾಟುತ್ತದೆ. ನಮ್ಮ ಮಾರ್ಕೆಟ್ ಲೆಕ್ಕದಲ್ಲಿ ಹೇಳಬೇಕು ಅಂದರೆ 15 ಕೆಜಿಯ ಹತ್ತೊಂಬತ್ತು ಬಾಕ್ಸ್ ಟೊಮೇಟೊ ನಿಮ್ಮ ಕಾಲಿನ ಜೊತೆ ಸೇರಿ ಒತ್ತುತ್ತಿತ್ತು. ಅದು ಇಲ್ಲದಾಗ ಒಂಟಿ ಕಾಲು ಒದ್ದಾಡುತ್ತದೆ, ಇನ್ನೇನು.

ಪೆಟ್ರೋಲ್ ಗಾಡಿಯಲ್ಲಿ ಗಾಳಿ ಹೀರುವ ಕೆಲಸವನ್ನು ಎಂಜಿನ್ನೇ ತನ್ನ ಇನ್‌ಟೇಕ್ ಕಡೆಯಿಂದ ಮಾಡುತ್ತದೆ. ಡೀಸೆಲ್ ಎಂಜಿನ್‌ಗೆ ಅಷ್ಟು ಎಳೆತ ಇಲ್ಲ. ಅದಕ್ಕೆ ಬೇರೆಯೇ ವ್ಯಾಕ್ಯೂಮ್ ಪಂಪ್ ಬೇಕು. ಹಲವು ಡೀಸೆಲ್ ಪಿಕಪ್‌ಗಳಲ್ಲಿ ಆ ಪಂಪ್ ಆಲ್ಟರ್ನೇಟರ್ ಬೆನ್ನಿಗೇ ಕೂತಿರುತ್ತದೆ, ಕೆಲವದರಲ್ಲಿ ಕ್ಯಾಮ್‌ಶಾಫ್ಟ್ ತುದಿಯಲ್ಲಿ. ನಿಮ್ಮದು ಎಲ್ಲಿದೆ ಅಂತ ಇವತ್ತೇ ನೋಡಿಟ್ಟುಕೊಳ್ಳಿ.

ಮೂರು ಪರೀಕ್ಷೆ, ಒಂದು ಸ್ಪಾನರ್ ಕೂಡ ಬೇಡ

ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ನ್ಯೂಟ್ರಲ್ ಹಾಕಿ, ಹ್ಯಾಂಡ್ ಬ್ರೇಕ್ ಎಳೆಯಿರಿ, ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ.

1. ಎಂಜಿನ್ ಆಫ್ ಇರಲಿ. ಪೆಡಲ್ ಪೂರ್ತಿ ಗಟ್ಟಿಯಾಗುವ ತನಕ ನಾಲ್ಕೈದು ಸಲ ತುಳಿಯಿರಿ. ಈಗ ಕಾಲನ್ನು ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಎಂಜಿನ್ ಹಿಡಿದ ಮೇಲೆ ಪೆಡಲ್ ತಾನಾಗಿ ಒಂದೆರಡು ಬೆರಳಿನಷ್ಟು ಕೆಳಗೆ ಜಾರಬೇಕು. ಜಾರಿದರೆ ಬೂಸ್ಟರ್‌ಗೆ ಸಹಾಯ ಬರುತ್ತಿದೆ. ಅಲ್ಲಾಡಲಿಲ್ಲ ಅಂದರೆ ವ್ಯಾಕ್ಯೂಮ್ ಬರುತ್ತಿಲ್ಲ, ಇಲ್ಲವೇ ಬಂದದ್ದನ್ನು ಬೂಸ್ಟರ್ ಬಳಸುತ್ತಿಲ್ಲ.

2. ಎಂಜಿನ್ ಒಂದೆರಡು ನಿಮಿಷ ಓಡಿಸಿ ಆಫ್ ಮಾಡಿ. ಅರ್ಧ ನಿಮಿಷ ಬಿಟ್ಟು ಪೆಡಲನ್ನು ನಿಧಾನಕ್ಕೆ ತುಳಿಯುತ್ತಾ ಹೋಗಿ. ಮೊದಲ ಸಲ ಆಳಕ್ಕೆ ಹೋಗಬೇಕು, ಎರಡನೇ ಸಲ ಸ್ವಲ್ಪ ಮೇಲೆ ನಿಲ್ಲಬೇಕು, ಮೂರನೇ ಸಲ ಇನ್ನೂ ಮೇಲೆ. ಮೊದಲ ತುಳಿತಕ್ಕೇ ಕಲ್ಲಾಗಿದ್ದರೆ ಕೂಡಿಟ್ಟ ವ್ಯಾಕ್ಯೂಮ್ ಎಲ್ಲೋ ಸೋರಿ ಹೋಗಿದೆ. ಒನ್ ವೇ ವಾಲ್ವ್ (ಗಾಳಿಯನ್ನು ಒಂದೇ ಕಡೆಗೆ ಬಿಡುವ ವಾಲ್ವ್) ಅಥವಾ ಬೂಸ್ಟರ್ ಮೇಲೆ ಅನುಮಾನ.

3. ಎಂಜಿನ್ ಓಡುವಾಗಲೇ ಪೆಡಲ್ ಒತ್ತಿ ಹಿಡಿಯಿರಿ. ಹಾಗೇ ಆಫ್ ಮಾಡಿ, 30 ಸೆಕೆಂಡ್ ಅದೇ ಬಲದಲ್ಲಿ ಹಿಡಿದಿರಿ. ಪೆಡಲ್ ಅಲ್ಲೇ ನಿಲ್ಲಬೇಕು. ಕಾಲನ್ನು ಮೇಲಕ್ಕೆ ತಳ್ಳುತ್ತಾ ಬಂದರೆ ಬೂಸ್ಟರ್ ಒಳಗೇ ಸೋರಿಕೆ ಇರುವ ಸಾಧ್ಯತೆ ಜಾಸ್ತಿ.

ಇದನ್ನು ಎಂಜಿನ್ ತಣ್ಣಗಿದ್ದಾಗ ಒಮ್ಮೆ, ಹತ್ತು ಕಿಲೋಮೀಟರ್ ಓಡಿ ಬಿಸಿಯಾದ ಮೇಲೆ ಇನ್ನೊಮ್ಮೆ ಮಾಡಿ. ನನ್ನ ಪೈಪಿನ ಸೀಳು ತಣ್ಣಗಿನ ಪರೀಕ್ಷೆಯಲ್ಲಿ ಮೂರಕ್ಕೆ ಮೂರೂ ಪಾಸಾಗಿತ್ತು!

ಪೈಪು ಮತ್ತು ವಾಲ್ವ್

ಎಂಜಿನ್ ಓಡುತ್ತಿರಲಿ. ಫ್ಯಾನ್, ಬೆಲ್ಟ್‌ಗಳಿಂದ ಕೈ, ಟವಲ್ ದೂರ ಇರಲಿ. ಬೂಸ್ಟರ್ ಕಡೆಯ ತುದಿಯಲ್ಲಿ ಪೈಪ್ ಬಿಚ್ಚಿ ಹೆಬ್ಬೆರಳು ಇಡಿ. ಬೆರಳನ್ನು ಕಚ್ಚಿ ಹಿಡಿದ ಹಾಗೆ ಎಳೆಯಬೇಕು. ಸುಮ್ನೆ ಮುಟ್ಟಿದ ಹಾಗಿದ್ದರೆ ಸಾಲದು. ಎಳೆತ ಜೋರಾಗಿದ್ದೂ ಮೊದಲ ಪರೀಕ್ಷೆ ಫೇಲ್ ಆಗಿದ್ದರೆ ದೂರು ಬೂಸ್ಟರ್ ಮೇಲೆ ಹೋಗುತ್ತದೆ. ಎಳೆತವೇ ಇಲ್ಲದಿದ್ದರೆ ಬೂಸ್ಟರನ್ನು ಬಿಡಿ, ಪೈಪ್ ಹಿಡಿದು ಪಂಪಿನ ಕಡೆಗೆ ನಡೆಯಿರಿ. ಇದೊಂದು ಮಾಡಿದ್ದರೆ ನನ್ನ ದುಡ್ಡು ಉಳಿಯುತ್ತಿತ್ತು.

ಸೀಳು ಹುಡುಕಲು ಪಂಚರ್ ಅಂಗಡಿಯವರ ಹಾಗೆ ಸೋಪಿನ ನೀರು ಹಾಕಿದರೆ ಕೆಲಸ ಆಗುವುದಿಲ್ಲ. ಇಲ್ಲಿ ಗಾಳಿ ಹೊರಗೆ ಬರುವುದಿಲ್ಲ, ಒಳಗೆ ಹೋಗುತ್ತದೆ. ಗುಳ್ಳೆ ಏಳುವುದಿಲ್ಲ. ಒಂದು ಬಟ್ಟೆ ಒದ್ದೆ ಮಾಡಿ ಹಿಂಡಿ, ಪೈಪಿನ ಮೇಲೆ ಗೇಣು ಗೇಣಾಗಿ ಸುತ್ತುತ್ತಾ ಹೋಗಿ. 'ಸುಸ್' ಅನ್ನುವ ಸದ್ದು ಎಲ್ಲಿ ನಿಲ್ಲುತ್ತದೋ ಅಲ್ಲೇ ತೂತು. ಡೀಸೆಲ್ ಎಂಜಿನ್ ಗದ್ದಲದಲ್ಲಿ ಸದ್ದು ಕೇಳುವುದಿಲ್ಲ ಅಂದರೆ ಎರಡು ಅಡಿ ಪೈಪಿನ ತುಂಡು ತಗೊಂಡು ಒಂದು ತುದಿ ಕಿವಿಗೆ ಹಿಡಿದು, ಇನ್ನೊಂದು ತುದಿಯನ್ನು ಆಡಿಸಿ. ಡಾಕ್ಟರ ಸ್ಟೆತಸ್ಕೋಪ್ ಇದ್ದ ಹಾಗೆ. ಕ್ಲಾಂಪ್ ಕೆಳಗೆ, ಮಡಿಕೆ ಇರುವ ಕಡೆ, ಎಂಜಿನ್‌ಗೆ ತಾಗುವ ಕಡೆ ಮೊದಲು ನೋಡಿ. ಗಾಡಿಯನ್ನು ಮೇವಿನ ಪಕ್ಕದ ಶೆಡ್‌ನಲ್ಲಿ ನಿಲ್ಲಿಸುವವರು ಇಲಿಯ ಹಲ್ಲಿನ ಗುರುತನ್ನೂ ಹುಡುಕಿ.

ಕೆಲವು ಗಾಡಿಗಳಲ್ಲಿ ಇದೇ ಪೈಪಿನಿಂದ ಟಿ ಹಾಕಿ ಇಜಿಆರ್‌ಗೋ (ಹೊಗೆಯ ಒಂದು ಪಾಲನ್ನು ಎಂಜಿನ್‌ಗೇ ವಾಪಸ್ ಕಳಿಸುವ ವಾಲ್ವ್) ಟರ್ಬೋಗೋ ತೆಳ್ಳಗಿನ ಪೈಪ್ ಹೋಗಿರುತ್ತದೆ. ಅದು ಕಳಚಿದರೂ ಬ್ರೇಕ್ ಗಟ್ಟಿಯಾಗುತ್ತದೆ. ಪರೀಕ್ಷೆಗೆ ಅಂತ ಆ ಕವಲನ್ನು ಒಂದು ನಿಮಿಷ ಮುಚ್ಚಿ ನೋಡಿ.

ಪೈಪ್ ಬದಲಿಸುವಾಗ ವ್ಯಾಕ್ಯೂಮ್ ಪೈಪೇ ಹಾಕಿ. ಹೊಲದ ಡ್ರಿಪ್ ಪೈಪಿನ ತುಂಡು ಸಿಗಿಸಿ ಓಡಿಸುವವರನ್ನೂ ನಾನು ನೋಡಿದ್ದೇನೆ. ನಮ್ಮ ಕಡೆ ಡ್ರಿಪ್ ಪೈಪ್ ಎಲ್ಲದಕ್ಕೂ ಮದ್ದು ಅಲ್ವಾ? ಆದರೆ ಎಂಜಿನ್ ಬಿಸಿಗೆ ಅದು ಮೆತ್ತಗಾಗುತ್ತದೆ, ಎಳೆತಕ್ಕೆ ಚಪ್ಪಟೆಯಾಗಿ ದಾರಿಯನ್ನೇ ಮುಚ್ಚುತ್ತದೆ. ಎಂಜಿನ್ ಆಫ್ ಮಾಡಿ ನೋಡಿದರೆ ಮತ್ತೆ ದುಂಡಗೆ, ಏನೂ ಆಗದವರ ಹಾಗೆ ಇರುತ್ತದೆ. ಹಳೆಯ ಪೈಪಿನ ಒಳಪದರ ಸುಲಿದು ಅಡ್ಡ ಬಂದರೂ ಇದೇ ಕಥೆ.

ಒನ್ ವೇ ವಾಲ್ವ್ ಬೂಸ್ಟರ್ ಮೈಗೆ ಸಿಕ್ಕಿಸಿದ ಪ್ಲಾಸ್ಟಿಕ್ ತುಂಡಾಗಿರಬಹುದು, ಇಲ್ಲವೇ ಪೈಪಿನ ಮಧ್ಯೆ ಇರಬಹುದು. ಬಿಚ್ಚಿ, ಒರೆಸಿ, ಬಾಯಿಂದ ಊದಿ. ಬೂಸ್ಟರ್ ಕಡೆಯಿಂದ ಊದಿದರೆ ಗಾಳಿ ಹೋಗಬೇಕು, ಪಂಪ್ ಕಡೆಯಿಂದ ಊದಿದರೆ ಒಂಚೂರೂ ಹೋಗಬಾರದು. ಎರಡೂ ಕಡೆ ಹೋದರೂ, ಎರಡೂ ಕಡೆ ನಿಂತರೂ ಬದಲಿಸಿ. ಬಾಣದ ಗುರುತು ಇದ್ದರೆ ಅದು ಪಂಪಿನ ಕಡೆ ತೋರಿಸಬೇಕು. ವಾಲ್ವ್ ಕೂರುವ ರಬ್ಬರ್ ಬುಷ್ ಒಣಗಿ ಬಿರುಕು ಬಿಟ್ಟಿದ್ದರೆ ಅದೂ ಸೋರುತ್ತದೆ.

ಪಂಪು

ಪೈಪ್, ವಾಲ್ವ್ ಸರಿ ಇದ್ದೂ ಎಳೆತ ಕಮ್ಮಿ ಇದ್ದರೆ ಪಂಪಿನ ಸರದಿ. ವ್ಯಾಕ್ಯೂಮ್ ಗೇಜ್ ಇರುವ ಗ್ಯಾರೇಜಿನಲ್ಲಿ ಪಂಪಿಗೇ ನೇರವಾಗಿ ಹಾಕಿಸಿ ನೋಡಿ. ಚೆನ್ನಾಗಿರುವ ಡೀಸೆಲ್ ಪಂಪ್ ಸ್ವಲ್ಪ ಹೊತ್ತಿನಲ್ಲೇ 20 ಇಂಚು ದಾಟಬೇಕು. ಒಂದು ಮಾತು: ಕೋಲಾರ ಸಮುದ್ರಮಟ್ಟದಿಂದ 800 ಮೀಟರ್‌ಗಿಂತ ಎತ್ತರದಲ್ಲಿದೆ. ಇಲ್ಲಿ ಹೊರಗಿನ ಗಾಳಿಯ ಒತ್ತಡವೇ ಕಮ್ಮಿ, ಹಾಗಾಗಿ ಚೆನ್ನೈಗಿಂತ ಗೇಜ್ ಎರಡು ಮೂರು ಇಂಚು ಕೆಳಗೇ ನಿಲ್ಲುತ್ತದೆ. ಮ್ಯಾನ್ಯುಯಲ್‌ನಲ್ಲಿ ಬರೆದಷ್ಟು ಬರಲಿಲ್ಲ ಅಂತ ಒಳ್ಳೆಯ ಪಂಪ್ ಕಿತ್ತು ಹಾಕಿಸಬೇಡಿ.

ಪಂಪ್ ಆಲ್ಟರ್ನೇಟರ್ ಬೆನ್ನಿಗಿದ್ದರೆ ಎರಡನ್ನೂ ತಿರುಗಿಸುವುದು ಒಂದೇ ಬೆಲ್ಟ್. ಓಡುವಾಗ ಬ್ಯಾಟರಿ ಲೈಟ್ ಹೊತ್ತಿಕೊಂಡರೆ "ಮನೆಗೆ ಹೋಗಿ ನೋಡೋಣ, ಚಾರ್ಜ್ ಆಗ್ತಿಲ್ಲ ಅಷ್ಟೇ" ಅಂದುಕೊಳ್ಳಬೇಡಿ. ಬೆಲ್ಟ್ ಹರಿದಿದ್ದರೆ ಇನ್ನೆರಡು ಮೂರು ತುಳಿತಕ್ಕೆ ಬ್ರೇಕ್ ಸಹಾಯವೂ ಮುಗಿಯುತ್ತದೆ. ನೀರಿನ ಪಂಪೂ ಅದೇ ಬೆಲ್ಟಿನಲ್ಲಿದ್ದರೆ ಎಂಜಿನ್ ಬಿಸಿಯೇರುತ್ತದೆ. ಪಕ್ಕಕ್ಕೆ ಹಾಕಿ, ನೋಡಿ.

ಈ ಪಂಪಿಗೆ ಎಂಜಿನ್ ಆಯಿಲ್ ಬೇಕು. ತೆಳ್ಳಗಿನ ಪೈಪಿನಲ್ಲಿ ಆಯಿಲ್ ಬರುತ್ತದೆ, ದಪ್ಪ ಪೈಪಿನಲ್ಲಿ ವಾಪಸ್ ಎಂಜಿನ್ ಕೆಳಗಿನ ಆಯಿಲ್ ತೊಟ್ಟಿಗೆ ಇಳಿಯುತ್ತದೆ. ಆಯಿಲ್ ದಾರಿ ಕಟ್ಟಿದರೆ ಪಂಪಿನ ಒಳಗೆ ತಿರುಗುವ ಎಲೆಯಂಥ ಪಟ್ಟಿಗಳು ಸವೆದು ಎಳೆತ ಸಾಯುತ್ತದೆ. ಆಲ್ಟರ್ನೇಟರ್ ರಿಪೇರಿ ಮಾಡಿಸಿದ ವಾರದಲ್ಲೇ ಪೆಡಲ್ ಗಟ್ಟಿಯಾದರೆ ಎಲೆಕ್ಟ್ರಿಷಿಯನ್ ಹತ್ತಿರ ಮೊದಲು ಹೋಗಿ. ಪೈಪ್ ಸರಿಯಾಗಿ ಕೂತಿಲ್ಲದೇ ಇರಬಹುದು. ಬೂಸ್ಟರ್‌ಗೆ ಹೋಗುವ ಪೈಪಿನೊಳಗೆ ಬೆರಳು ಹಾಕಿ ನೋಡಿ. ಕರಿ ಆಯಿಲ್ ಅಂಟಿದರೆ ಪಂಪಿನಿಂದ ಅದು ಮುಂದಕ್ಕೆ ಬರುತ್ತಿದೆ, ಬೂಸ್ಟರ್ ಪರದೆಯನ್ನು ತಿನ್ನುತ್ತಿದೆ. ಆಗ ಬೂಸ್ಟರ್ ಒಂದನ್ನೇ ಬದಲಿಸಿದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ.

ಮುಳಬಾಗಿಲು ದಾಟಿ ಚಿತ್ತೂರಿನ ಕಡೆ ಲೋಡ್ ಹೊಡೆಯುವ ಹುಡುಗರಿಗೆ ಇನ್ನೊಂದು ಮಾತು. ಮೊಗಿಲಿ ಘಾಟ್ ಇಳಿಯುವಾಗ ಡೀಸೆಲ್ ಉಳಿಸೋಕೆ ಎಂಜಿನ್ ಆಫ್ ಮಾಡಿ ಬಿಡುತ್ತಾರೆ ಕೆಲವರು. ಎಂಜಿನ್ ನಿಂತರೆ ಪಂಪ್ ನಿಂತಿತು. ಎರಡನೇ ಪರೀಕ್ಷೆ ನೆನಪಿದೆಯಲ್ಲ? ಮೂರನೇ ತುಳಿತಕ್ಕೆ ಪೆಡಲ್ ಎಲ್ಲಿತ್ತು? ಪವರ್ ಸ್ಟೀರಿಂಗ್ ಇದ್ದರೆ ಅದೂ ಕೈ ಕೊಡುತ್ತದೆ. ಬೇಡಪ್ಪ.

ಗಾಳಿ ಸರಿ ಇದೆ, ಆದರೂ ಗಟ್ಟಿ

ಮೂರೂ ಪರೀಕ್ಷೆ ಬಿಸಿಯಲ್ಲೂ ಪಾಸಾಗಿದ್ದರೆ ಪೆಡಲ್ ಬುಡದಿಂದ ಶುರು ಮಾಡಿ. ಕ್ಯಾಬಿನ್‌ನಲ್ಲಿ ತಲೆ ಹಾಕಿ ಪೆಡಲ್ ತಿರುಗುವ ಪಿನ್ ನೋಡಿ. ಕೆರೆ ಮಣ್ಣಿನ ಕಾಲು, ಮಳೆ ನೀರು ಸೇರಿ ತುಕ್ಕು ಹಿಡಿದು ಬಿಗಿಯಾಗಿರುತ್ತದೆ. ತಿಕ್ಕಿ ಗ್ರೀಸ್ ಹಾಕಿದರೆ ಮುಗಿಯಿತು.

ಆಮೇಲೆ ಚಕ್ರಗಳು. ಐದಾರು ಕಿಲೋಮೀಟರ್ ಓಡಿಸಿ ಬಂದು ಪ್ರತಿ ಚಕ್ರದ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ. ಕೈ ಇಡಬೇಡಿ, ಸುಡುತ್ತದೆ. ಒಂದು ಚಕ್ರದಲ್ಲಿ ಮಾತ್ರ ನೀರು ಚುರ್ ಅಂದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ. ಜಾಕಿ ಕೊಟ್ಟು, ಗಟ್ಟಿ ಸ್ಟ್ಯಾಂಡ್ ಇಟ್ಟು ಆ ಚಕ್ರ ತಿರುಗಿಸಿ. ತಿರುಗದಿದ್ದರೆ ಅಲ್ಲಿನ ಬ್ಲೀಡ್ ನಿಪ್ಪಲ್ (ಲೈನಿನ ಗಾಳಿ ತೆಗೆಯುವ ಚಿಕ್ಕ ಸ್ಕ್ರೂ) ಸ್ವಲ್ಪ ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ಬಿಟ್ಟರೆ ಒತ್ತಡ ಒಳಗೆ ಸಿಕ್ಕಿಕೊಂಡಿತ್ತು: ಹೋಸ್ ಒಳಗೆ ಊದಿಕೊಂಡಿದೆ, ಅಥವಾ ಬೇರೆ ಚಕ್ರಗಳೂ ಹಿಡಿದಿದ್ದರೆ ಮಾಸ್ಟರ್ ಸಿಲಿಂಡರ್ ವಾಪಸ್ ದಾರಿ ಕಟ್ಟಿದೆ. ನಿಪ್ಪಲ್ ಬಿಟ್ಟರೂ ಚಕ್ರ ಬಿಡದಿದ್ದರೆ ಕ್ಯಾಲಿಪರ್ ಪಿಸ್ಟನ್ನೋ ಪಿನ್ನೋ ಜಾಮ್ ಆಗಿದೆ, ಹಿಂದಿನ ಚಕ್ರವಾದರೆ ವೀಲ್ ಸಿಲಿಂಡರ್. ಪ್ಯಾಡ್, ಲೈನರ್ ಕನ್ನಡಿಯಂತೆ ಹೊಳೆಯುತ್ತಿದ್ದರೆ, ಗ್ರೀಸ್ ತಾಗಿದ್ದರೆ, ಪ್ಯಾಡ್ 3 ಮಿಲಿಮೀಟರ್‌ಗಿಂತ ತೆಳ್ಳಗಾಗಿದ್ದರೆ ಬದಲಿಸಿ. ಡ್ರಮ್ಮಿನ ಧೂಳನ್ನು ಬಾಯಿಂದ ಊದಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ.

ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆದು ಒಳಗಿನ ರಬ್ಬರ್ ನೋಡಿ. ಉಬ್ಬಿ, ಸುಕ್ಕಾಗಿ, ಮತ್ತೆ ಹಾಕಲು ಹೋದರೆ ಕೂರುತ್ತಲೇ ಇಲ್ಲ ಅಂದರೆ ಯಾರೋ ಎಂಜಿನ್ ಆಯಿಲ್ಲೋ ಸ್ಟೀರಿಂಗ್ ಆಯಿಲ್ಲೋ ಸುರಿದಿದ್ದಾರೆ. ಒಳಗಿನ ಎಲ್ಲ ರಬ್ಬರೂ ಹೀಗೇ ಊದಿರುತ್ತದೆ. ಇದಕ್ಕೆ ಅಡ್ಡದಾರಿ ಇಲ್ಲ. ಲೈನ್ ತೊಳೆದು ಮಾಸ್ಟರ್ ಕಿಟ್, ಹೋಸ್, ವೀಲ್ ಸಿಲಿಂಡರ್ ವಾಷರ್ ಎಲ್ಲ ಬದಲಿಸಬೇಕು. ಡಬ್ಬಿಯ ಮೇಲೆ ಬರೆದಿರುವ ಡಾಟ್ 3 ಅಥವಾ ಡಾಟ್ 4 ಮಾತ್ರ ಹಾಕಿ. ಅದು ಗಾಳಿಯ ತೇವ ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಿಸಿ.

ಮತ್ತೆ ನಮ್ಮವರೇ ತಂದುಕೊಳ್ಳುವ ಒಂದು ಕಾಯಿಲೆ ಇದೆ. ಹಲವು ಪಿಕಪ್‌ಗಳ ಹಿಂದಿನ ಆಕ್ಸಲ್ ಮೇಲೆ ಒಂದು ವಾಲ್ವ್, ಅದಕ್ಕೊಂದು ಕಡ್ಡಿ ಇರುತ್ತದೆ. ಲೋಡ್ ಹಾಕಿದಾಗ ಚಾಸಿ ಎಷ್ಟು ಕೂತಿತು ಅಂತ ನೋಡಿ, ಅದಕ್ಕೆ ತಕ್ಕ ಹಾಗೆ ಹಿಂದಿನ ಬ್ರೇಕಿಗೆ ಆಯಿಲ್ ಬಿಡುತ್ತದೆ. ಜಾಸ್ತಿ ಬಾಕ್ಸ್ ಹೊರೋಕೆ ಅಂತ ನಾವು ಎರಡು ಸ್ಪ್ರಿಂಗ್ ಪಟ್ಟಿ ಸೇರಿಸುತ್ತೇವೆ. ಲೋಡ್ ಬಿದ್ದರೂ ಚಾಸಿ ಕೂರುವುದಿಲ್ಲ. ಗಾಡಿ ಖಾಲಿ ಇದೆ ಅಂದುಕೊಂಡು ವಾಲ್ವ್ ಹಿಂದಿನ ಬ್ರೇಕನ್ನು ಕಟ್ಟಿಹಾಕುತ್ತದೆ. ಎಲ್ಲ ಭಾರ ಮುಂದಿನ ಬ್ರೇಕಿಗೆ. ಎಷ್ಟು ತುಳಿದರೂ ಗಾಡಿ ನಿಲ್ಲೋದಿಲ್ಲ ಅಂತ ಡ್ರೈವರ್ ಗೊಣಗುತ್ತಾನೆ. ಖಾಲಿ ಗಾಡಿಯಲ್ಲಿ ಬ್ರೇಕ್ ಚೆನ್ನಾಗಿದ್ದು ಲೋಡಿನಲ್ಲಿ ಮಾತ್ರ ತೊಂದರೆ ಇದ್ದರೆ ಗಾಡಿ ಕೆಳಗೆ ಮಲಗಿ ಆ ಕಡ್ಡಿ ನೋಡಿ. ತುಕ್ಕು ಹಿಡಿದು ನಿಂತಿರಬಹುದು, ಮುರಿದಿರಬಹುದು, ಯಾರೋ ತಂತಿ ಕಟ್ಟಿರಲೂಬಹುದು.

ನಿಜವಾಗಿ ಬೂಸ್ಟರೇ ಹೋಗಿದ್ದರೆ

ಎಳೆತ ಜೋರಾಗಿದೆ, ವಾಲ್ವ್ ಸರಿ ಇದೆ, ಆದರೂ ಪರೀಕ್ಷೆ ಫೇಲ್. ಈಗ ಬೂಸ್ಟರ್ ಬದಲಿಸಿ, ನನ್ನ ಆಕ್ಷೇಪ ಇಲ್ಲ. ಆದರೆ ಅದು ಯಾಕೆ ಹೋಯಿತು ಅಂತ ನೋಡಿ. ಮಾಸ್ಟರ್ ಸಿಲಿಂಡರಿನ ಎರಡು ನಟ್ ಬಿಚ್ಚಿ, ಆಯಿಲ್ ಪೈಪ್ ಬಿಚ್ಚದೆ, ಬಗ್ಗಿಸದೆ, ಅದನ್ನು ಮುಂದಕ್ಕೆ ಸರಿಸಿ. ಹಿಂಬದಿ ಒದ್ದೆಯಾಗಿದ್ದರೆ ಬ್ರೇಕ್ ಆಯಿಲ್ ಬೂಸ್ಟರ್‌ಗೆ ಇಳಿಯುತ್ತಿತ್ತು. ಹೊರಗೆ ಎಲ್ಲೂ ಸೋರಿಕೆ ಕಾಣದೆ ಡಬ್ಬಿ ಇಳಿಯುತ್ತಿದ್ದರೆ ಇದೇ ಕಾರಣ ಇರಬಹುದು. ಮಾಸ್ಟರ್ ಸರಿ ಮಾಡಿಸದೆ ಬೂಸ್ಟರ್ ಹಾಕಿದರೆ ದುಡ್ಡು ನೀರಿಗೆ.

ಕೂರಿಸುವ ಕೆಲಸ ಗೊತ್ತಿದ್ದವರ ಕೈಯಲ್ಲೇ ಆಗಲಿ. ಬೂಸ್ಟರಿನ ಮುಂದಿನ ಕಡ್ಡಿ ಮತ್ತು ಮಾಸ್ಟರ್ ಪಿಸ್ಟನ್ ಮಧ್ಯೆ ಕೂದಲೆಳೆಯಷ್ಟು ಸಂದು ಬೇಕು. ಕಡ್ಡಿ ಉದ್ದವಾದರೆ ಬ್ರೇಕ್ ಸದಾ ಹಿಡಿದೇ ಇರುತ್ತದೆ. ನಾಲ್ಕೂ ಚಕ್ರ ಕಾದು, ಹತ್ತು ಕಿಲೋಮೀಟರಿಗೆ ಪೆಡಲ್ ಮತ್ತೆ ಗಟ್ಟಿ. "ಬೂಸ್ಟರ್ ಡೂಪ್ಲಿಕೇಟ್ ಕೊಟ್ಟ" ಅಂತ ಅಂಗಡಿಯವನನ್ನು ಬೈಯುವ ಮುಂಚೆ ಆ ಸಂದು ಅಳೆಸಿ. ಹಳೆಯ ಬೂಸ್ಟರ್ ಕೇಳಿ ತಗೊಳ್ಳಿ.

ಎಲ್ಲ ಆದ ಮೇಲೆ ಮೂರು ಪರೀಕ್ಷೆ ಮತ್ತೆ ಮಾಡಿ. ಖಾಲಿ ರಸ್ತೆಯಲ್ಲಿ 20 ಕಿಲೋಮೀಟರ್ ವೇಗದಲ್ಲಿ ನಿಲ್ಲಿಸಿ ನೋಡಿ, ಆಮೇಲೆ 40ರಲ್ಲಿ. ಮೊದಲ ಟ್ರಿಪ್ ಅರ್ಧ ಲೋಡ್ ಸಾಕು.

ನನ್ನ ಹಳೆಯ ಬೂಸ್ಟರ್ ಮನೆಯ ಶೆಡ್‌ನಲ್ಲಿ ಗೋಣಿಚೀಲದಲ್ಲಿ ಸುತ್ತಿಟ್ಟಿದೆ. ಪೈಪ್ ಸಿಕ್ಕಿದ ದಿನ ಸುಮ್ನೆ ಕುತೂಹಲಕ್ಕೆ ಅದನ್ನು ಗ್ಯಾರೇಜಿನ ಕೈ ಪಂಪಿಗೆ ಹಾಕಿ 20 ಇಂಚು ಎಳೆಸಿದೆ. ಟೀ ಕುಡಿದು ಬಂದು ನೋಡಿದರೆ ಮುಳ್ಳು ಅಲ್ಲೇ ನಿಂತಿತ್ತು.